ಒಂದು ಉಪಪ್ರಶ್ನೆಯ ಸೇಡು

ಆ ಸಾಹೇಬನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಅರವತ್ತರ ದಶಕದ ಆರಂಭ. ಧಾರವಾಡದಲ್ಲಿ ನಮ್ಮ ಕೇರಿಯಂಥ ಕೇರಿಗಳ ಹುಡುಗಿಯರಿಗಾಗಿ ಸರ್ಕಾರ ನಡೆಸುತ್ತಿದ್ದ ವಸತಿಗೃಹದಲ್ಲಿದ್ದು ನಾನು ಮೆಟ್ರಿಕ್ ಓದುತ್ತಿದ್ದೆ. ಮಾವಿನ ಮರಗಳ ನಡುವೆ ಒಳ್ಳೆಯ ಹಳೇ ಬಂಗಲೆ. ವಸತಿಗೃಹ ನೋಡಿಕೊಳ್ಳುವ ಇಲಾಖೆಗೆ ಹೊಸದಾಗಿ ಬಂದ ಸಾಹೇಬನ ಕಣ್ಣು ಅದರ ಮೇಲೆ ಬಿತ್ತು. ಗೋಡೆ ಬಿರುಕು ಬಿಟ್ಟಿದೆ, ಅಪಾಯ ಎಂದು ಹೇಳಿ, ಪರೀಕ್ಷೆ ಎದುರಿಗಿರುವಾಗ ನಮ್ಮ ಟ್ರಂಕುಗಳನ್ನು ಅಂಗಳಕ್ಕೆ ಹಾಕಿಸಿದ. "ಎಲ್ಲಿಗೆ ಹೋಗೂಣ್ರಿ?" ಎಂದು ಕೇಳಿದ್ದಕ್ಕೆ, "ಊರಿಗೆ ಹೋಗ್ರಿ. ನೀವು ಕಲತು ಯಾರನ್ನ ಉದ್ಧಾರ ಮಾಡೋರದೀರಿ?" ಎಂದ. ತಿಂಗಳು ತುಂಬುವಷ್ಟರಲ್ಲಿ ಬಂಗಲೆಗೆ ಸುಣ್ಣ ಬಳಿಸಿ, ಹೆಂಡತಿ ಮಕ್ಕಳ ಸಮೇತ ತಾನೇ ಬಂದು ಕೂತ.

ನಾನು ಹುಬ್ಬಳ್ಳಿಯ ಮನೆಯಲ್ಲಿ ಹಲ್ಲು ಕಡಿಯುತ್ತ ಉಳಿದೆ. ನನ್ನ ಕೋಣೆಯ ಗೆಳತಿ ತನ್ನ ಹಳ್ಳಿಗೆ ಹೋದಳು. ನಮಗೆಲ್ಲ ಗಣಿತ ಹೇಳಿಕೊಡುತ್ತಿದ್ದವಳು ಅವಳು. ಶಾಲಾ ಶಿಕ್ಷಕಿಯಾಗಬೇಕು ಎಂದು ಪಣ ತೊಟ್ಟಿದ್ದಳು. ಹಳ್ಳಿಯಲ್ಲಿ ಹುಡುಗಿಯ ಓದು ನಿಂತರೆ ಮುಂದೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಬೇಗ ಏನಾದರೂ ಮಾಡದಿದ್ದರೆ ಅವಳು ಕೈತಪ್ಪಿ ಹೋಗುತ್ತಿದ್ದಳು.

ನನ್ನ ಉರಿ ನೋಡಲಾರದೆ ಅಪ್ಪ ದೇಶಪಾಂಡೆ ನಗರದಲ್ಲಿದ್ದ ಶಾಸಕರ ಹತ್ತಿರ ಕರೆದುಕೊಂಡು ಹೋದ. ಅವರು ವಿರೋಧ ಪಕ್ಷದ ಮುದಿ ವಕೀಲರು. ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಇವರಿಂದೇನಾದೀತು ಎನ್ನಿಸಿತು.

"ಅಂವ ಆ ಬಂಗಲೇದಾಗ ಆರಾಮ ಉಂಡು ಮಲಗಾಕತ್ತಾನ್ರಿ. ಅದನ್ನ ಬರದು ವಿಧಾನಸಭಾದಾಗ ಕೇಳ್ರಿ," ಎಂದೆ.

"ಬರದ್ರ ಅದು ಮೊದಲ ಅವನ ಕೈಗೆ ಹೋಗತೈತಿ, ಲಗೂನ ಖಾಲಿ ಮಾಡ್ತಾನ," ಎಂದರು. "ವಸತಿಗೃಹ ಯಾಕ ಮುಚ್ಚೀರಿ ಅಂತ ಇಷ್ಟ ಕೇಳೂಣು. ಮಂತ್ರಿಗೆ ಉತ್ತರ ಬರದು ಕೊಡಾಂವ ಅವನ. ಏನರ ಸುಳ್ಳು ಬರದ ಬರೀತಾನ. ಆಮ್ಯಾಲ ನನ್ನ ಉಪಪ್ರಶ್ನೆ ಐತಿ. ಅದನ್ನ ಮೊದಲ ಬರದು ಕೊಡಬೇಕಂತಿಲ್ಲ."

ಆ ಮೆತ್ತಗಿನ ಪ್ರಶ್ನೆ ನನಗೆ ಸಪ್ಪೆ ಎನ್ನಿಸಿತ್ತು. ಆದರೂ ಸಾಹೇಬನ ಮುಖ ನೋಡುವ ಆಸೆಗೆ ಅಪ್ಪನನ್ನು ಕಾಡಿ ಬೆಂಗಳೂರಿನ ರೈಲು ಹತ್ತಿಸಿದೆ. ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ನಾವು ಚಪ್ಪಾಳೆ ತಟ್ಟುವಂತಿಲ್ಲ. ಕೆಳಗೆ ಅಧಿಕಾರಿಗಳ ಜಾಗದಲ್ಲಿ ಕೂತಿದ್ದ ಸಾಹೇಬನೂ ಬಾಯಿ ಬಿಡುವಂತಿಲ್ಲ. ಮಂತ್ರಿಗಳು ಓದಿದರು: "ಕಟ್ಟಡವು ಮನುಷ್ಯವಾಸಕ್ಕೆ ಯೋಗ್ಯವಲ್ಲದ ಕಾರಣ ವಸತಿಗೃಹವನ್ನು ಮುಚ್ಚಲಾಗಿದೆ."

ವಕೀಲರು ಎದ್ದು ನಿಂತರು. ಆಗ ಅವರ ಕಣ್ಣು ಪೂರ್ತಿ ತೆರೆದಿತ್ತು. "ಹಾಗಾದರೆ ಈಗ ಅದರಲ್ಲಿ ಸಂಸಾರ ಹೂಡಿರುವವರು ಯಾರು?"

ಮಂತ್ರಿಗಳು ಹಿಂದಕ್ಕೆ ತಿರುಗಿದರು. ಸಾಹೇಬ ಒಂದು ಚೀಟಿ ಕಳಿಸಿದ. ಅದನ್ನು ನೋಡಿದ ಮಂತ್ರಿಗಳ ಮುಖ ಕೆಂಪಾಯಿತು. ಸಭಾಧ್ಯಕ್ಷರು ಉತ್ತರ ಬರಲಿ ಎಂದು ಪಟ್ಟು ಹಿಡಿದ ಮೇಲೆ, ಇಲಾಖೆಯ ಅಧಿಕಾರಿಯೇ ಇದ್ದಾರೆ ಎಂದು ಒಪ್ಪಿಕೊಳ್ಳಬೇಕಾಯಿತು. ಮಂತ್ರಿಗಳ ಪಕ್ಷದವರೂ ನಕ್ಕರು. ವಸತಿಗೃಹವನ್ನು ಕೂಡಲೇ ತೆರೆಯುವುದಾಗಿ ಭರವಸೆ ಬಂತು. ಸಾಹೇಬ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಹೊರಗೆ ಬಂದ ಮೇಲೆ ವಕೀಲರನ್ನು ಹಿಡಿದುಕೊಂಡೆ. "ಅವನ್ನ ನೌಕರಿಯಿಂದ ತಗಸ್ರಿ."

"ಅದು ನಮ್ಮ ಕೈಯಾಗ ಇಲ್ಲ ಯವ್ವಾ. ಸಭಾದಾಗ ಕೊಟ್ಟ ಭರವಸೆ ನಡೀತೋ ಇಲ್ಲೋ ನೋಡಾಕ ನಮ್ಮ ಶಾಸಕರದ ಒಂದು ಸಮಿತಿ ಐತಿ. ಅದು ಅವನ ಬೆನ್ನು ಬಿಡೂದಿಲ್ಲ."

ಸಾಹೇಬ ಬಾಲ ಮುದುರಿಕೊಂಡು ಬಂಗಲೆ ಬಿಟ್ಟ. ನಾವು ಮರಳಿದೆವು. ಸಮಿತಿಯವರು ನೋಡಲು ಬಂದಾಗ ಮಾತ್ರ ಅರ್ಧದಷ್ಟು ಮಂಚಗಳು ಖಾಲಿ ಇದ್ದವು. ನನ್ನ ಗೆಳತಿಯೂ ಬಂದಿರಲಿಲ್ಲ. "ನಾವು ತೆರದೇವ್ರಿ. ಹುಡುಗ್ಯಾರು ಬರದಿದ್ರ ಏನು ಮಾಡೂಣ್ರಿ?" ಎಂದು ಸಾಹೇಬ ಕೈ ಚೆಲ್ಲಿದ.

ಸಮಿತಿಯ ಹಿರಿಯರು ತಣ್ಣಗೆ ಹೇಳಿದರು: "ಕಳಿಸಿದವರು ನೀವು. ಮನೆ ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಭರವಸೆ ಈಡೇರಿತು ಅಂತ ನಾವು ಬರೆಯೋದಿಲ್ಲ."

ದಾರಿ ತೋರಿಸಲು ನಾನು ಬರುತ್ತೇನೆ ಎಂದು ಮುಂದೆ ಬಿದ್ದು ಹೇಳಿದೆ. ವಸತಿಗೃಹದ ಮೇಲ್ವಿಚಾರಕಿ ಬಾಯಿಯವರೂ ಜೊತೆಗೆ ಹೊರಟರು. ಜೀಪು ಉಣಕಲ್ ಕೆರೆ, ಹುಬ್ಬಳ್ಳಿ ದಾಟಿ ಹಳ್ಳಿಗಳನ್ನು ಹೊಕ್ಕಿತು. ಕೇರಿ ಕೇರಿಯ ಮನೆ ಬಾಗಿಲಲ್ಲಿ ನಿಂತು ಸಾಹೇಬ, "ನಿಮ್ಮ ಮಗಳನ್ನ ಕಳಸ್ರಿ, ಓದಸ್ತೇವಿ," ಎಂದು ಗೋಗರೆಯುತ್ತಿದ್ದ. ಕೆಲವರು ಕಳಿಸಿದರು. ಪ್ರತಿ ಬಾಗಿಲಲ್ಲೂ ನಾನು ಅವನ ಪಕ್ಕದಲ್ಲೇ ನಿಂತು ಮಜಾ ನೋಡಿದೆ.

ಕೊನೆಗೆ ಗೆಳತಿಯ ಮನೆ. "ಆಕಿ ಲಗ್ನಾ ಆತ್ರಿ ಸಾಹೇಬ್ರ," ಎಂದ ಅವಳಪ್ಪ. "ಮನ್ಯಾಗ ಎಷ್ಟು ದಿನಾ ಕುಂದ್ರಸೂದ್ರಿ?"

ಈಗ ಸಾಹೇಬನಿಗೆ ಮಂಗಳಾರತಿ ಆಗುತ್ತದೆ ಎಂದು ನಾನು ಕಾದೆ. ಆದರೆ ಗೆಳತಿಯ ಅಪ್ಪ ಕೈ ಮುಗಿದು, "ನಮ್ಮಂಥಾರ ಮನೀತನಕಾ ಬಂದ್ರಿ, ದೊಡ್ಡ ಮಾತ್ರಿ," ಎನ್ನುತ್ತ ಒಳಗಿನಿಂದ ಗಾಜಿನ ಗ್ಲಾಸಿನಲ್ಲಿ ಚಹಾ ತಂದ.

ಸಾಹೇಬ ಕೈ ಚಾಚಿದ. ನಾನು ಗ್ಲಾಸು ಕಸಿದುಕೊಂಡೆ. "ಇವರಿಗೆ ಕೊಡಬ್ಯಾಡ್ರಿ ಕಾಕಾ," ಎಂದು, ಅವನ ಮುಖ ನೋಡುತ್ತಲೇ ಬಾಯಿ ಸುಡುವ ಆ ಚಹಾ ಅಷ್ಟನ್ನೂ ನಾನೇ ಕುಡಿದೆ.