ಬಣ್ಣ ಹಿಡಿಯದ ಗಾಜು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಪಟ್ಟಿಗಳಿಗೆ ಬಣ್ಣ ಹಾಕಿದವಳನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಸ್ತನದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುವಳು. ಜೀವಕೋಶಗಳ ಕೇಂದ್ರ ಕಂದಾದರೆ ಅಲ್ಲಿ ಹಾರ್ಮೋನನ್ನು ಹಿಡಿಯುವ ರಿಸೆಪ್ಟರುಗಳಿವೆ ಎಂದರ್ಥ; ನೀಲಿಯಾಗಿಯೇ ಉಳಿದರೆ ಇಲ್ಲ ಎಂದರ್ಥ. ಹೆಣ್ಣಿನ ಹಾರ್ಮೋನು ಕೋಶದೊಳಗೆ ನುಸುಳಿ ರಿಸೆಪ್ಟರನ್ನು ಸೇರುತ್ತದೆ, ಎರಡೂ ಕೂಡಿ ಡಿಎನ್‌ಎ ಮೇಲೆ ಗೊತ್ತಾದ ಜಾಗದಲ್ಲಿ ಕೂತು, ಸುಮ್ಮನಿದ್ದ ಜೀನುಗಳನ್ನು ಎಬ್ಬಿಸುತ್ತವೆ, ಗಡ್ಡೆ ಬೆಳೆಯುತ್ತದೆ. ಅಂಥದಕ್ಕೆ ಮಾತ್ರೆಯುಂಟು. ಮಾತ್ರೆ ಹೋಗಿ ಹಾರ್ಮೋನಿನ ಜಾಗ ಹಿಡಿದುಬಿಡುತ್ತದೆ, ಜೀನುಗಳು ಏಳುವುದಿಲ್ಲ.

ಅವಳ ತಂಗಿ ಊರೊಳಗೆ ಬಸ್ ಓಡಿಸುತ್ತಿದ್ದಳು. ಒಂಬತ್ತು ವರ್ಷ ಚಿಕ್ಕವಳು. ತಾಯಿ ಸತ್ತ ಮೇಲೆ ತಲೆ ಬಾಚಿ, ಬುದ್ಧಿ ಹೇಳಿ ಬೆಳೆಸಿದ್ದು ಗಾಜಕ್ಕನೇ. ಸೀಟ್ ಬೆಲ್ಟ್ ಒತ್ತುವಲ್ಲಿ ಗಂಟು ಸಿಕ್ಕಿದೆ ಎಂದು ಅವಳು ಬಂದು ಹೇಳಿದಾಗ, ಗಾಜಕ್ಕ ಹಿಂದುಮುಂದು ನೋಡದೆ ಧೈರ್ಯ ಹೇಳಿದ್ದಳು: ಹತ್ತರಲ್ಲಿ ಏಳು ಗಡ್ಡೆಗೆ ಬಣ್ಣ ಬರುತ್ತೆ, ಮಾತ್ರೆ ನುಂಗಿಕೊಂಡು ಆರಾಮಾಗಿರಬಹುದು.

ತಂಗಿಯ ಚೂರು ಲ್ಯಾಬಿಗೆ ಬಂದ ದಿನ, ಬೇರೆಯವರು ನೋಡಲಿ ಎಂದರು ಲ್ಯಾಬಿನ ಡಾಕ್ಟರಮ್ಮ. ಗಾಜಕ್ಕ ಒಪ್ಪಲಿಲ್ಲ. ಬಣ್ಣ ಸರಿಯಿದೆಯೇ ಎಂದು ನೋಡಲು ಜೊತೆಗಿಟ್ಟ ಬೇರೊಂದು ಚೂರು ಸರಿಯಾಗಿಯೇ ಕಂದಾಯಿತು. ತಂಗಿಯದು ನೀಲಿಯಾಗಿಯೇ ಉಳಿಯಿತು. ಬಣ್ಣದ ಹೊಸ ಬಾಟಲಿ ತೆರೆದು ಮತ್ತೆ ಹಾಕಿದಳು. ನೀಲಿ. ಮೂರನೆಯ ಸಲ ಬೇಕೆಂದೇ ಹತ್ತು ನಿಮಿಷ ಹೆಚ್ಚು ಬಿಟ್ಟಳು. ಕೇಂದ್ರ, ಸುತ್ತಲು ಎನ್ನದೆ ಎಲ್ಲೆಡೆ ಕಂದು ಮೆತ್ತಿಕೊಂಡಿತು. ಅದು ಸುಳ್ಳೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾಜನ್ನು ಕಸದ ಡಬ್ಬಿಗೆ ಹಾಕುವಾಗ ಡಾಕ್ಟರಮ್ಮ ಅವಳ ಕೈ ಹಿಡಿದರು. "ಸಾಕಮ್ಮ. ಎಷ್ಟು ಸಲ ಹಾಕಿದ್ರೂ ಇಲ್ಲದ್ದು ಬರಲ್ಲ."

ಮಧ್ಯಾಹ್ನ ಬಸ್ ಡಿಪೋಗೆ ಹೋದಳು. ತಂಗಿ ಪಾಳಿ ಮುಗಿಸಿ ಬೆಂಚಿನ ಮೇಲೆ ಕಿತ್ತಳೆ ಸುಲಿಯುತ್ತಿದ್ದಳು. ಅಕ್ಕನ ಮುಖ ನೋಡಿ ಅರ್ಧ ಹಣ್ಣು ಅವಳ ಕೈಗಿಟ್ಟಳು.

"ಮಾತ್ರೆ ಆಗಲ್ಲ ಅಲ್ವಾ ಅಕ್ಕ?"

"ಹಾರ್ಮೋನು ಹೇಳೋದನ್ನ ಅದು ಕೇಳಲ್ಲ ಕಣೇ. ತನ್ನ ಪಾಡಿಗೆ ತಾನು ಬೆಳೆಯುತ್ತೆ."

ತಂಗಿ ಬೆರಳಿನ ರಸ ಒರೆಸಿಕೊಂಡಳು. "ನಾನು ಯಾರ ಮಾತು ಕೇಳಿದೀನಿ ಹೇಳು? ನನ್ನ ಗಡ್ಡೆ ಮಾತ್ರ ಹೇಗೆ ಕೇಳುತ್ತೆ."

ಗಾಜಕ್ಕನಿಗೆ ನಗು ಬಂತು, ಹಿಂದೆಯೇ ಅಳು. ಅಂದು ಸುಮ್ಮನೆ ಭರವಸೆ ಕೊಟ್ಟೆ, ತಪ್ಪಾಯ್ತು ಎಂದಳು. ಆ ಭರವಸೆಯಿಂದ ಮೂರು ವಾರ ನಿದ್ದೆ ಬಂತಲ್ಲ, ಬಿಡು ಎಂದಳು ತಂಗಿ.

ಕೀಮೋ ಇಂಜೆಕ್ಷನ್ನುಗಳು ಶುರುವಾದವು. ಕೂದಲು ಹೋಯಿತು, ಮತ್ತೆ ಬಂತು; ಅವಳು ಏಳು ತಿಂಗಳು ಬಸ್ಸೂ ಓಡಿಸಿದಳು. ಆಮೇಲೆ ಕೆಮ್ಮು ಹಿಡಿಯಿತು, ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಎರಡನೆಯ ವರ್ಷ ತುಂಬುವ ಮೊದಲೇ, ಒಂದು ಬೆಳಿಗ್ಗೆ, ಅಕ್ಕ ತಲೆ ಬಾಚುತ್ತಿರುವಾಗಲೇ ತಂಗಿ ಕಣ್ಣು ಮುಚ್ಚಿದಳು.

ತಿಂಗಳಾದ ಮೇಲೆ ಗಾಜಕ್ಕ ತಾನೇ ಕೇಳಿಕೊಂಡು ಲ್ಯಾಬು ಬಿಟ್ಟು ಮೇಲಿನ ಮಹಡಿಗೆ, ರಕ್ತ ತೆಗೆಯುವ ಕೋಣೆಯ ಕೆಲಸಕ್ಕೆ ಹೋದಳು. ತೋಳು ಚಾಚಿದವರು ನೋಯುತ್ತಾ ಎಂದು ಕೇಳುತ್ತಾರೆ. ಅವಳು ಇಲ್ಲವೆನ್ನದೆ, ನೋಯುತ್ತೆ ಎಂದೇ ಹೇಳಿ, ಅವರು ಉಸಿರೆಳೆದುಕೊಳ್ಳುವವರೆಗೂ ಕಾದು, ಸೂಜಿ ಚುಚ್ಚುತ್ತಾಳೆ.