ಆಂಟಿಯ ಹೆಸರಿನ ಮಾತ್ರೆ

ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಬಸ್ಸು ಹತ್ತುವಾಗ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ವಸುಧಾ ಊದಿದ ಎಡಗಾಲು ಹಿಡಿದುಕೊಂಡು ಕುಸಿದಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ ಎಂದರು ಆಸ್ಪತ್ರೆಯ ಡಾಕ್ಟರು. ಅವಳು ತೆಗೆದುಕೊಳ್ಳುತ್ತಿದ್ದ ಗರ್ಭನಿರೋಧಕ ಮಾತ್ರೆಯ ಪೊಟ್ಟಣದ ಮೇಲೆ ಪಕ್ಕದ ಮನೆಯ ಶಾರದಾ ಆಂಟಿಯ ಹೆಸರಿತ್ತು. ತಮಗೆ ಡಾಕ್ಟರು ಬರೆದುಕೊಟ್ಟ ಅದನ್ನೂ ಆಂಟಿ ಹುಳಿಪುಡಿಯ ಜೊತೆ ಅವಳಿಗೆ ಕೊಡುತ್ತಿದ್ದರಂತೆ.

"ಮಾತ್ರೆಗೆ ಇನ್ಶೂರೆನ್ಸ್ ಇಲ್ಲ ಅಂದ್ಮೇಲೆ ಡಾಕ್ಟರ್ ಫೀಸಿಗೂ ಇರಲ್ಲ ಅಂದ್ಕೊಂಡ್ವಲ್ಲೇ?" ಎಂದಳು ವಸುಧಾ ನನಗೆ.

ವಿದೇಶಿ ವಿದ್ಯಾರ್ಥಿಗಳಾದ ನಮ್ಮ ಇನ್ಶೂರೆನ್ಸಿನಲ್ಲಿ ಫೀಸಿಗೆ ಇತ್ತು. ಮಾತ್ರೆ ಬರೆಸಿಕೊಳ್ಳಲು ಹೋಗಿದ್ದರೆ, ಮನೆಯಲ್ಲಿ ಯಾರಿಗಾದರೂ ಹೀಗೆ ರಕ್ತ ಹೆಪ್ಪುಗಟ್ಟಿತ್ತೇ ಎಂದು ಡಾಕ್ಟರು ಕೇಳಿ, ಅದನ್ನು ಹೆಚ್ಚಿಸಬಲ್ಲ ಆ ಮಾತ್ರೆ ಬೇಡವೆನ್ನುತ್ತಿದ್ದರು. ಅವಳ ತಾಯಿಗೆ ಆಗಿತ್ತು.

ವಸುಧಾ ಉಳಿದಳು. ಇನ್ಶೂರೆನ್ಸ್ ಪುಸ್ತಿಕೆಯಲ್ಲಿ ಮಾತ್ರೆಗೆ ಹಣವಿಲ್ಲ ಎಂಬ ಒಂದು ಸಾಲನ್ನಷ್ಟೇ ಅವಳಿಗೆ ಓದಿ ಹೇಳಿ, ಮುಚ್ಚಿಟ್ಟವಳು ನಾನು. ಮೂವತ್ತು ವರ್ಷವಾಯಿತು. ಅದರ ಮುಂದಿನ ಸಾಲು ನನಗೆ ಇನ್ನೂ ಬಾಯಿಪಾಠ.