ಸೂರ್‌ನ ಗೋಡೆಯಲ್ಲಿ ಲೂಸಿಯಮ್ಮ

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಮಸ್ಕತ್‌ನ ವಾದಿ ಅದಾಯ್ ಬಿಟ್ಟು ಕಡಲತಡಿಯ ಸೂರ್ ಪಟ್ಟಣದ ಕಡೆ ಹೊರಟೆವು. ಡಿಕ್ಕಿಯಲ್ಲಿ ಎರಡು ಬಕೆಟ್ ಸುಣ್ಣದ ಗಾರೆ, ಪಕ್ಕದ ಸೀಟಿನಲ್ಲಿ ಫೆಲಿಕ್ಸ್ ಪೊರ್ಬುಗಳು. ಮೂವತ್ತು ವರ್ಷ ಇಲ್ಲಿ ಶೋರೂಮುಗಳ ಬೋರ್ಡು ಬರೆದವರು. ಅದಕ್ಕೂ ಮೊದಲು ನಮ್ಮ ಕರಾವಳಿಯ ಇಗರ್ಜಿಗಳ ಗೋಡೆಗಳಲ್ಲಿ ಹಳೆಯ ಇಟಲಿಯ ಬರೋಕ್ ರೀತಿಯ ಸಂತರನ್ನು ಬರೆಯುತ್ತಿದ್ದರು. ಮೈ ತಿರುಚಿ, ಕೈ ಚಾಚಿ, ತುಂಬಿದ ಕಣ್ಣುಗಳಿಂದ ಮೇಲೆ ನೋಡುವ ಸಂತರು. ಅಲ್ ಖುವೈರ್‌ನ ಆಫೀಸಿನಲ್ಲಿ ಫೈಲು ನೋಡುವ ನನಗೆ ಚಿತ್ರವೆಂದರೆ ಕ್ಯಾಲೆಂಡರು ಮಾತ್ರ.

ಮಂಗಳವಾರ ಪೊರ್ಬುಗಳು ಊರಿಗೆ ಹೊರಡುವವರು, ಇನ್ನು ಬರುವುದಿಲ್ಲ. ಇಲ್ಲೇ ತೀರಿಕೊಂಡ ಹೆಂಡತಿ ಲೂಸಿಯಮ್ಮ ಮಾತ್ರ ಮಸ್ಕತ್‌ನ ಮಣ್ಣಿನಲ್ಲೇ ಉಳಿಯಬೇಕು. ರಜೆ ಸಿಕ್ಕಾಗಲೆಲ್ಲ ಆಕೆ ಸೂರ್‌ನ ಕಡಲ ಮುಂದೆ ಕೂತು ಊರಿನ ದಿಕ್ಕು ನೋಡುತ್ತಿದ್ದರಂತೆ. ಅಲ್ಲಿಯೇ ಒಂದು ಗೋಡೆಯಲ್ಲಿ, ಊರಿನ ಕಡೆ ಕಣ್ಣಿಟ್ಟ ಅವರ ಮುಖವನ್ನು ಬರೆದು ಹೋಗಬೇಕು ಎಂಬುದು ಪೊರ್ಬುಗಳ ಆಸೆ.

ಇನ್ನೂರು ಕಿಲೋಮೀಟರು, ಎರಡು ಗಂಟೆಯ ಹಾದಿ. ಪೆಟ್ರೋಲ್ ಪಂಪಿನಲ್ಲಿ ಚಹಾ ಕುಡಿದು ಮನೆಯಿಂದ ತಂದ ಬನ್ಸ್ ಬಿಚ್ಚಿದರೆ, ಅವರು ಒಂದನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನೇ ಮರೆತರು.

ಹಡಗು ಕಟ್ಟುವ ಸಲೀಂ ತಮ್ಮ ಹಳೆಯ ಉಗ್ರಾಣದ ಒಳಗೋಡೆಯನ್ನು ಕೊಟ್ಟಿದ್ದರು. ನಮಾಜಿನ ಕೋಣೆ ಬಿಟ್ಟು ಎಲ್ಲಿ ಬೇಕಾದರೂ ಬರೆಯಿರಿ ಎಂದು ಹಿಂದಿಯಲ್ಲಿ ಹೇಳಿದರು. ಗಾರೆ ಹಸಿಯಿರುವಾಗಲೇ ಬಣ್ಣ ಕುಡಿಯಬೇಕು, ಒಣಗಿದರೆ ಒಳಗಿಳಿಯದು. ತಮ್ಮ ಅಪ್ಪ ಕಲಿಸಿದಂತೆ ಪೊರ್ಬುಗಳು ಕಣ್ಣನ್ನು ಕೊನೆಗೆ ಇಟ್ಟುಕೊಂಡರು. ಕಡಲ ಬೆಳಕು ಬೀಳಲೆಂದು ಕಿಟಕಿಯನ್ನೂ ತೆರೆದಿಟ್ಟರು. ನಮ್ಮೂರಲ್ಲಾದರೆ ಹಾಗೆ ಬಿಟ್ಟರೂ ಗೋಡೆ ಸಂಜೆವರೆಗೆ ಹಸಿ. ಇಲ್ಲಿ ಬೀಸಿದ್ದು ಮರುಭೂಮಿಯ ಗಾಳಿ. ಹಣೆ, ಕೆನ್ನೆ, ನಡುಗುವಂತಿದ್ದ ತುಟಿ ಎಲ್ಲ ಬಂದವು. ಹತ್ತು ಗಂಟೆಗೆ ಕುಂಚ ಕಣ್ಣಿಗೆ ಬಂದಾಗ ಗಾರೆ ಒಣಗಿ ಬಿಳಿಚಿಕೊಂಡಿತ್ತು. ಪೊರ್ಬುಗಳು ತಲೆಯ ಮೇಲೆ ಕೈಹೊತ್ತು ಕೂತರು.

ಅಷ್ಟು ಭಾಗ ಕೆತ್ತಿ ಹೊಸ ಗಾರೆ ಹಾಕಬಹುದಲ್ಲ ಎಂದೆ. ಹಾಗೆಯೇ ಮಾಡಿದರು, ಸಲೀಂ ಕಿಟಕಿ ಮುಚ್ಚಿದರು. ಈ ಸಲ ಗೋಡೆ ಹಸಿಯಾಗಿಯೇ ಇತ್ತು, ಬೇಕಾದಷ್ಟು ಹೊತ್ತೂ ಇತ್ತು. ಆದರೂ ಪೊರ್ಬುಗಳು ಬರೆದದ್ದು ಮುಚ್ಚಿದ ಎರಡು ರೆಪ್ಪೆಗಳನ್ನು.

ಕಾರು ಹತ್ತುವಾಗ ಕಣ್ಣು ಮುಚ್ಚಿಸಿದ್ದೇಕೆಂದು ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಉಗ್ರಾಣದ ಕಡೆ ಒಮ್ಮೆ ತಿರುಗಿ ನೋಡಿದರು.

"ಇಷ್ಟು ವರ್ಷ ಊರಿನ ದಾರಿ ನೋಡಿದ್ಳು ಶೆಟ್ರೆ. ಈಗ ನಾನೂ ಹೋಗ್ತೇನೆ. ಇನ್ನು ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಯಾರು ಬರ್ತಾರೆ? ಮಲಗ್ಲಿ."